ಗಿಡ ಜಾತಿ, ಬಳ್ಳಿಯಲ್ಲ

ಪ್ಲಾಸ್ಟರು ಬಿಚ್ಚಲು ನಲವತ್ತೆರಡು ದಿನ ಎಂದರು ಡಾಕ್ಟರು.
ಬೀಜದ ಪಾಕೀಟಿನ ಮೇಲೆ ಐವತ್ತು ಎಂದಿತ್ತು.
ಎಂಟೇ ದಿನ ಹೆಚ್ಚು. ಇರಲಿ ಎಂದುಕೊಂಡು
ಹೊಲಿಗೆ ಯಂತ್ರಕ್ಕೆ ಹಳೆಯ ಚಾದರ ಹೊದಿಸಿ
ಹಿತ್ತಿಲಿಗೆ ಹೋದೆ.

ಹಿತ್ತಿಲೆಂದರೆ, ಈ ದಾಪೋಡಿಯಲ್ಲಿ,
ಗಟಾರಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಮಿಕ್ಕ
ಮೂರು ಮೊಳ ಅಗಲದ ನೆಲ.
ಗೋಡೆಯಾಚೆ ಲೋಣಾವಳಾ ಲೋಕಲ್ಲು.
ಅದು ಹೋಗುವಾಗ ಮಣ್ಣೂ ಒಂದಿಷ್ಟು ನಡುಗುತ್ತದೆ.

ಪಿತೃಪಕ್ಷ, ಹೊಸದೇನೂ ಶುರು ಮಾಡಬೇಡ
ಎಂದಳು ಅತ್ತಿಗೆ, ಜಮಖಂಡಿಯಿಂದ, ಫೋನಿನಲ್ಲಿ.
ಮುರಿದದ್ದೇನು ಮುಹೂರ್ತ ನೋಡಿ ಮುರಿಯಿತೇ?
ಕೇಳಲಿಲ್ಲ. ಎಡಗೈಯಲ್ಲಿ ಫೋನಿತ್ತು,
ಬೀಜ ಊರಲು ಬೇರೆ ಕೈ ಇರಲಿಲ್ಲ.
ಬೇಗ ಇಟ್ಟುಬಿಟ್ಟೆ.

ಇಪ್ಪತ್ತನಾಲ್ಕು ಬೀಜ, ಹೆಬ್ಬೆರಳಿನ ಒಂದು ಗೆಣ್ಣು ಆಳ.
ಸಾಲು ಸೊಟ್ಟ.
ಮೂವತ್ತು ವರ್ಷ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದವಳು ನಾನು,
ಈ ಓಣಿಯ ಅರ್ಧ ಹೆಂಗಸರ ಹೆಗಲು
ನನ್ನ ಅಳತೆ ಪುಸ್ತಕದಲ್ಲಿದೆ;
ಆ ಸಾಲನ್ನು ಮಾತ್ರ ಯಾರಿಗೂ ತೋರಿಸಲಾರೆ.

ಆರನೆಯ ದಿನ ಮಣ್ಣು ಬಿರಿಯಿತು.
ಮೊಳಕೆ ನೆಟ್ಟಗೆ ಬರುವುದಿಲ್ಲ, ನೋಡಿದ್ದೀರಾ?
ಬಿಗಿ ಕುತ್ತಿಗೆಯ ಅಂಗಿಯಿಂದ ಹೊರಬರುವ ಮಗುವಿನ ಹಾಗೆ,
ಮೊದಲು ಬಾಗಿದ ಕತ್ತು, ಆಮೇಲೆ ಮುಖ.
ಹದಿನೇಳು ಉಳಿದವು. ಐದು ಪಾರಿವಾಳಕ್ಕೆ.
ಎರಡರ ಸುದ್ದಿಯೇ ಇಲ್ಲ.

ಹದಿನೇಳಕ್ಕೂ ಕೋಲು ನೆಟ್ಟೆ.
ನಮ್ಮ ಕಡೆ ಅವರೆಗೆ ಚಪ್ಪರ, ಹೀರೆಗೆ ಬೇಲಿ;
ಕಾಯಿ ಕೊಡುವುದೆಲ್ಲ
ಏನನ್ನಾದರೂ ಹಿಡಿದೇ ಹತ್ತಬೇಕು ಎಂದು ತಿಳಿದಿದ್ದೆ.
ಇವು ಹತ್ತಲಿಲ್ಲ.
ಗೇಣುದ್ದ ನಿಂತು, ಕೋಲಿಗೆ ಬೆನ್ನು ತಿರುಗಿಸಿ
ಅಕ್ಕಪಕ್ಕ ಹರಡಿಕೊಂಡವು.
ಪಾಕೀಟಿನ ಹಿಂದಿನ ಸಣ್ಣ ಅಕ್ಷರ ಆಮೇಲೆ ಓದಿದೆ:
ಗಿಡ ಜಾತಿ. ಆಸರೆ ಬೇಡ.
ಕೋಲಿನ ಮೇಲೆ ಈಗ ಪಿಕಳಾರ ಕೂರುತ್ತದೆ.

ಮೇಲಿನ ಮನೆ ಧುಮಾಳಬಾಯಿಯದು.
ಅವರ ಒಗೆತದ ನೀರು ಮೆಟ್ಟಿಲಿಗೆ ಹರಿದದ್ದು,
ನಾನು ಜಾರಿದ್ದು, ಮಣಿಕಟ್ಟು ಲಟಕ್ಕೆಂದದ್ದು
ಓಣಿಗೆಲ್ಲ ಹೇಳಿದೆ. ಅವರೊಬ್ಬರಿಗೆ ಹೇಳಲಿಲ್ಲ.
ಅವರೂ ಕೇಳಲಿಲ್ಲ.
ಸಂಜೆ ಗ್ಯಾಲರಿಯಲ್ಲಿ ನಿಂತು ಬೆಳ್ಳುಳ್ಳಿ ಸುಲಿಯುವರು,
ಸಿಪ್ಪೆ ಹಾರಿ ಬಂದು ನನ್ನ ಎಲೆಗಳ ಮೇಲೆ ಕೂರುವುದು.

ದೀಪಾವಳಿ ಕಳೆದ ಮೇಲೆ ಕಾಯಿ ಬಂತು,
ಬಂದದ್ದೆಂದರೆ, ಒಮ್ಮೆಲೇ.
ಬಳ್ಳಿಯಾದರೆ ಇವತ್ತಿಷ್ಟು, ನಾಳೆಯಿಷ್ಟು;
ಗಿಡಕ್ಕೆ ಆ ಲೆಕ್ಕಾಚಾರ ಗೊತ್ತಿಲ್ಲ,
ಇದ್ದದ್ದನ್ನೆಲ್ಲ ಒಂದೇ ವಾರದಲ್ಲಿ ಹೊರಗಿಟ್ಟುಬಿಡುತ್ತದೆ.
ಎರಡು ದಿನ ತಡವಾದರೆ ನಾರು.

ಪ್ಲಾಸ್ಟರು ಬಿಚ್ಚಿತ್ತು. ಕೈ ಇನ್ನೂ ನನ್ನದಾಗಿರಲಿಲ್ಲ,
ಸೊರಗಿ, ಬಿಳಿಚಿ, ಸೂಜಿಯನ್ನೂ ಹಿಡಿಯದು.
ಎಡಗೈಯಲ್ಲಿ ಒಂದು ಕಾಯಿ ಎಳೆದೆ.
ಗಿಡವೇ ಬಂತು, ಬೇರು ಸಮೇತ.
ಬೇರಿನ ತುಂಬ ಸಣ್ಣ ಸಣ್ಣ ಗಂಟು,
ದಾರದ ತುದಿಗೆ ನಾನು ಹಾಕುವಂಥವೇ.
ನೋಡುತ್ತ ಕೂತೆ.

ಹಾಗೆ ಎಳೆಯಬೇಡಿ! ಮೇಲಿಂದ, ಮರಾಠಿಯಲ್ಲಿ.
ಸೆರಗು ಸಿಕ್ಕಿಸಿ ಅದೇ ಮೆಟ್ಟಿಲಿಳಿದು ಬಂದರು.
ಜುನ್ನರದ ಕಡೆಯವರಂತೆ, ಫರಸ್ಬಿ ಬೆಳೆದ ಮನೆಯಂತೆ.
ನನಗೇನು ಗೊತ್ತು?
ಕುಕ್ಕರಗಾಲಲ್ಲಿ ಕೂತು ಬುಡ ಹಿಡಿದರು,
ಸಿಕ್ಕು ಬಿಡಿಸುವಾಗ ಕೂದಲ ಬುಡ ಹಿಡಿಯುವ ಹಾಗೆ, ನೋಯದಂತೆ.
ಕಿತ್ತೆ. ಹಿಡಿದರು. ಕಿತ್ತೆ.
ಹದಿನಾರು ಗಿಡ. ಮಾತಿಲ್ಲ.
ಎರಡು ಲೋಕಲ್ಲು ಹೋದವು.

ಕೊನೆಗೆ ನನ್ನ ಮಣಿಕಟ್ಟನ್ನೇ ತುಸು ಹೊತ್ತು ನೋಡಿ
ಬಿಸಿ ಎಣ್ಣೆ ಹಚ್ಚಿ ಎಂದರು. ಅಷ್ಟೇ.
ಅರ್ಧ ಕಾಯಿ ಅವರ ಸೆರಗಿಗೆ ಸುರಿದೆ.
ರಾತ್ರಿ ಮೇಲೂ ಕೆಳಗೂ ಅದೇ ಪಲ್ಯ,
ಅವರದಕ್ಕೆ ಶೇಂಗಾಪುಡಿ, ನನ್ನದಕ್ಕೆ ಗುರೆಳ್ಳು.

ಬೆಳಿಗ್ಗೆ ಮತ್ತೆ ನೀರು,
ಸಾಬೂನಿನ ನೊರೆ ಸಮೇತ, ಸೊಟ್ಟ ಸಾಲಿನ ಪಕ್ಕಕ್ಕೇ.
ಈ ಸಲ ಕತ್ತೆತ್ತಿ ಕೂಗಿದೆ.