ಒಂದು ಅಕ್ಷರಕ್ಕೆ ಒಂದು ಶೇಂಗಾ

ಬಂದರು ಕಚೇರಿಯಲ್ಲಿ ಮೂವತ್ತೊಂದು ವರ್ಷ
ಟೈಪು ಕುಟ್ಟಿ ಮನೆಗೆ ಬಂದ ಬಾಂದೇಕರ ಬಾಯಿ
ಕೋಡಿಬಾಗದ ಜಗಲಿಯಲ್ಲಿ ಸಂಜೆ ಐದಕ್ಕೆ
ನಮ್ಮನ್ನು ಕೂಡಿಸಿಕೊಳ್ಳುತ್ತಿದ್ದರು.
ಉಪ್ಪುಗಾಳಿ ತಿಂದು ತುಕ್ಕು ಹಿಡಿದ ಟೈಪ್‌ರೈಟರು,
ಪಕ್ಕದಲ್ಲಿ ಹುರಿದ ಶೇಂಗಾದ ಡಬ್ಬಿ.

ಆಟ ಇಷ್ಟೇ:
ಮೂರು ಇಂಗ್ಲಿಷ್ ಅಕ್ಷರ ಒತ್ತುತ್ತಾರೆ, ಟಕ್ ಟಕ್ ಟಕ್.
ಆ ಮೂರನ್ನೂ ಅದೇ ಸಾಲಿನಲ್ಲಿ,
ನಡುವೆ ಯಾರನ್ನೂ ನುಗ್ಗಗೊಡದೆ
ಹೊಟ್ಟೆಯೊಳಗಿಟ್ಟುಕೊಂಡ ಉದ್ದನೆಯ ಪದ ನಾವು ಹುಡುಕಬೇಕು.
ಪದಕ್ಕೆ ಎಷ್ಟು ಅಕ್ಷರವೋ ಅಷ್ಟು ಶೇಂಗಾ.
ಸ್ಪೆಲ್ಲಿಂಗ್ ತಪ್ಪಿದರೆ ಸಿಪ್ಪೆ.

ಮೊದಲ ದಿನ ಎಸ್, ಇ, ಎ.
ಸೀಟ್ ಅಂದೆ ನಾನು. ನಾಲ್ಕು.
ಲವೀನಾ ಸೀಸನ್ ಅಂದಳು. ಆರು.
ಅವಳಪ್ಪ ಟ್ರಾಲರಿನವ, ಆ ಪದ ಅವರ ಮನೆಯಲ್ಲಿ
ಉಪ್ಪಿನಷ್ಟು ಬಳಕೆ.
ಡಿಸೀಸ್ ಏಳು. ರಿಸರ್ಚ್ ಎಂಟು.
ಕಿವಿಗೆ ಕೇಳದ ಕಡಲು ಕಣ್ಣಿಗೆ ಸಿಕ್ಕುತ್ತಿತ್ತು
ರೋಗದೊಳಗೆ, ಹುಡುಕಾಟದೊಳಗೆ.
ನನಗೆ ಹೊಟ್ಟೆಕಿಚ್ಚು. ಕನ್ನಡಕ್ಕೆ ಹಾರಿದೆ:
"ಬಾಯಿ, ಶೇಂಗಾಕ್ಕೆ ಮೈಸೂರು ಕಡೆ ಕಡಲೆಕಾಯಿ ಅಂತಾರಂತೆ.
ನಿಮ್ಮ ಡಬ್ಬಿ ತುಂಬ ಕಡಲು!"
ಕನ್ನಡಕ ಮೂಗಿನ ತುದಿಗೆ ಇಳಿಯಿತು.
"ಕೊಂಬು ಎಲ್ಲಿ?
ಕೊಂಬಿಲ್ಲದ ಕಡಲು ನಡೆಯೂದಿಲ್ಲ."
ಆದರೂ ಎರಡು ಕೊಟ್ಟರು. ಒಂದು ಟೊಳ್ಳು.

ಉಮಾಕಾಂತ ಬಂದದ್ದು ಆಮೇಲೆ, ದೀಪಾವಳಿ ಕಳೆದು.
ಅಪ್ಪ ಅಮ್ಮ ತೋಡೂರಿನ ಕಾಲನಿಯಲ್ಲಿ,
ಇವನು ಇಲ್ಲಿ ಸೋದರಮಾವನ ಮನೆಯಲ್ಲಿ.
ಅವತ್ತು ಡಬ್ಲ್ಯೂ, ಎ, ಆರ್.
ವಾರ್ಡ್, ವಾರ್ಮ್, ಫಾರ್ವರ್ಡ್, ಎಲ್ಲರದೂ ಗದ್ದಲ.
ಅವನು ಮೆಲ್ಲಗೆ, "ಅವಾರ್ಡ್."
"ಐದು. ಅರ್ಥ?"
ಬಹುಮಾನ ಬಹುಮಾನ ಎಂದು ನಾವೇ ಕೂಗಿದೆವು.
"ಅಲ್ಲ. ಜಾಗ ಹೋದಾಗ ಬರುವ ಕಾಗದ.
ನಮ್ಮ ಮನೆಯಲ್ಲಿದೆ, ಅಕ್ಕಿ ಡಬ್ಬದೊಳಗೆ."
ಬಾಯಿ ಐದು ಎಣಿಸಿದರು.
ಐದೇ.

ಅವನು ಮತ್ತೆ: "ಕಾರವಾರ. ಆರು."
ಹೌದಲ್ಲ! ಕೆ, ಎ, ಆರ್, ಬೆನ್ನಿಗೇ ಆ ಮೂರು.
ದಿನಾ ನೋಟುಬುಕ್ಕಿನ ರಟ್ಟಿನ ಮೇಲೆ ಬರೆಯುತ್ತಿದ್ದೆವು,
ಒಬ್ಬರಿಗೂ ಕಂಡಿರಲಿಲ್ಲ ಊರೊಳಗಿನ ಯುದ್ಧ.
"ಊರ ಹೆಸರು ಲೆಕ್ಕಕ್ಕಿಲ್ಲ" ಅಂದರು ಬಾಯಿ.
"ಊರೇ ಇಲ್ಲದಿದ್ದರೆ?"
"ಅಂದರೆ?"
"ನಮ್ಮ ಅರ್ಗಾ ಈಗ ನೇವಿ ಗೋಡೆಯ ಆಚೆ.
ಮನೆ ಇಲ್ಲ. ಬಾವಿ ಮುಚ್ಚಿದ್ದಾರೆ.
ಹೆಸರು ಮಾತ್ರ ನಮ್ಮ ಹತ್ತಿರ.
ಆಗ ಅದು ಬರೀ ಪದ ತಾನೇ, ಬಾಯಿ?"

ಅವರ ಬೆರಳು ಕೀಲಿಯ ಮೇಲೆ ನಿಂತಿತು,
ಸರಕಾರದ ಎಲ್ಲ ಪತ್ರಕ್ಕೂ ಉತ್ತರ ಕುಟ್ಟಿದ ಬೆರಳು.
ಕರೆಂಟು ಹೋಯಿತು ಅಂತ ನೆನಪು,
ಅಥವಾ ಯಾರದೋ ಅಮ್ಮ ಕರೆದಳು.
ತೀರ್ಪು ಆಗಲೇ ಇಲ್ಲ.

ಮೊನ್ನೆ ಬೇಕರಿಯಲ್ಲಿ ಚಿಲ್ಲರೆಗೆ ಕಾಯುತ್ತ
ಕಪಾಟಿನಡಿಯ ರಟ್ಟಿನ ಪೆಟ್ಟಿಗೆ ಓದಿದೆ: ಮಾರ್ಗರಿನ್.
ಎಮ್ ದಾಟಿದರೆ ಎ, ಆರ್, ಜಿ, ಎ.
ಅರ್ಗಾ!
ಹಳದಿ ಗಟ್ಟಿಯೊಳಗೆ ತಣ್ಣಗೆ ಕೂತಿದೆ,
ಒಂದಕ್ಷರವೂ ಒಕ್ಕಲೇಳದೆ.
ರಾತ್ರಿ ನಿದ್ದೆ ಬರದೆ ಇನ್ನೊಂದು ಸಿಕ್ಕಿತು: ಬಾರ್ಗೇನ್.
ಅದು ಏಳೇ ಅಕ್ಷರ, ಮತ್ತೆ
ಅದನ್ನು ಅವನಿಗೆ ಹೇಳಲಾರೆ.
ಅವನಪ್ಪನಿಗೆ ಮೊದಲೇ ಗೊತ್ತಿರಬೇಕು.

ಮಾರ್ಗರಿನ್ ಹೇಳುತ್ತೇನೆ. ಒಂಬತ್ತು.
ಬಾಯಿ ಈಗಿಲ್ಲ, ಡಬ್ಬಿ ಯಾರ ಪಾಲಿಗೆ ಹೋಯಿತೋ.
ಬೀಚಿನ ಗಾಡಿಯವನ ಮುಂದೆ ನಿಂತು
ಎಣಿಸಿ ಕಟ್ಟಿಕೊಡು ಎಂದರೆ
ಪೊಟ್ಟಣ ಸುತ್ತುತ್ತಿದ್ದ ಕೈ ನಿಲ್ಲಿಸಿ ಕೇಳುತ್ತಾನೆ,
"ಬರೀ ಒಂಬತ್ತಾ?"