ಗಾಳಿ ಹೋಗುವ ಕಡೆ

ಮೊಲದ ಹಾಗೆ ಸಾಯುವುದನ್ನು ಕಲಿಯಲು
ನನಗೆ ಮೂರು ಚಳಿಗಾಲ ಬೇಕಾಯಿತು.
ಕಲಿಸಿದವನು ಥರ್ಲೋ ತಾತ. ಬಾಯಲ್ಲಿ ನಾಲ್ಕೇ ಹಲ್ಲು,
ನಾಲ್ಕೂ ಈ ಮರದ ಪೀಪಿಯ ಮೇಲೆ ಗುರುತು ಬಿಟ್ಟಿವೆ.
‘ಜೋರು ಬೇಡ ಕಣೇ. ಸಾಯುವವರು ಮೊದಮೊದಲು ಕೂಗಾಡುವುದಿಲ್ಲ,
ಅವರಿಗಿನ್ನೂ ನಂಬಿಕೆಯೇ ಬಂದಿರುವುದಿಲ್ಲ.’

ವಯೋಮಿಂಗ್. ಮೇ ತಿಂಗಳಲ್ಲೂ ಹಿಮದ ತೇಪೆ.
ಟ್ರಕ್ಕನ್ನು ದಿಬ್ಬದಾಚೆ ಬಿಟ್ಟು, ಬಾಗಿಲು ಬಡಿಯದೆ ಒರಗಿಸಿ,
ಸೇಜ್ ಪೊದೆಗೆ ಬೆನ್ನು ಕೊಟ್ಟು ಕೂತಿದ್ದೇನೆ.
ನಿನ್ನೆ ರಾತ್ರಿ ಎರಡು ಕುರಿಮರಿ ಹೋದವು.
ಒಂದರ ಕಿವಿಯ ಹಳದಿ ಬಿಲ್ಲೆ ಜೇಬಿನಲ್ಲಿದೆ:
ಇನ್ನೂರ ಹದಿನಾರು.

ಊದುತ್ತೇನೆ. ನಿಲ್ಲಿಸುತ್ತೇನೆ.
ಮೊದಲು ಮ್ಯಾಗ್‌ಪೈ ಹಕ್ಕಿ ಬಂತು, ಮೋಸ ತಿಳಿದು
ಬೈದುಕೊಂಡು ಹೋಯಿತು.

ಆಮೇಲೆ ಕಯೋಟಿ. ಹೆಣ್ಣು.
ನೇರ ಬರಲಿಲ್ಲ. ದೊಡ್ಡ ಬಳಸು ಹಾಕಿ
ನನ್ನ ಮೇಲಿಂದ ಗಾಳಿ ಹೋಗುವ ಕಡೆ ನಿಂತು
ಮೂಗೆತ್ತಿ ನನ್ನನ್ನು ಓದಿದಳು:
ಬಂದೂಕಿನೆಣ್ಣೆ, ಬೆಳಗಿನ ಕಾಫಿ, ಕೈಗವಸಿನ ಉಣ್ಣೆ,
ಪೀಪಿಯ ಮರದೊಳಗೆ ಇನ್ನೂ ಇದ್ದರೆ
ಎರಡು ವರ್ಷ ಹಿಂದೆ ತೀರಿಕೊಂಡ ತಾತನ ಎಂಜಲು.
ಅವಳ ಎಡಗಿವಿಯ ತುದಿ ಇಲ್ಲ.
ಅದು ನನ್ನದೇ ಕೆಲಸ, ಹೋದ ಡಿಸೆಂಬರಿನಲ್ಲಿ,
ಇದೇ ಸಾವು ಊದಿ.

ನಾನೂರು ಗಜ. ನನ್ನ ಗುರಿಗೆ ದೂರ, ಅವಳಿಗದು ಗೊತ್ತು.
ಕೂತಳು. ನಾಯಿಯ ಹಾಗೆ ಆಕಳಿಸಿದಳು.
ಎದ್ದಾಗ ಕಂಡಿತು, ದುರ್ಬೀನಿನಲ್ಲಿ,
ಹಾಲು ತುಂಬಿ ಜೋತ ಮೊಲೆಸಾಲು.

ಮತ್ತೊಮ್ಮೆ ಊದಿದೆ. ಕರೆಯಲಿಕ್ಕಲ್ಲ.
ಯಾಕೆಂದು ಕೇಳಿದರೆ ಹೇಳಲಾರೆ.
ತಪ್ಪೆಲ್ಲಿ ಎಂದು ತಾತ ಆಲಿಸುತ್ತಿದ್ದ ಹಾಗೆ
ಉಳಿದೊಂದು ಕಿವಿ ವಾಲಿಸಿ, ಪೂರ್ತಿ ಕೇಳಿ,
ದಿಬ್ಬ ಇಳಿದಳು.

ಟ್ರಕ್ಕಿನ ಬಾಗಿಲನ್ನು ಈ ಸಲ
ದಢಾರನೆ ಹಾಕಿದೆ.