ಹನ್ನೊಂದು ಬಟ್ಟೆ, ಒಂದು ಬಾಕಿ

ಕಾಕ್ಸ್ ಟೌನಿನ ಅಡ್ಡರಸ್ತೆ, ಹೊಂಗೆಮರದ ಕೆಳಗೆ
ನನ್ನ ತಳ್ಳುಗಾಡಿ. ಎದುರು ಮನೆಯ ಮಹಡಿಯಲ್ಲಿ
ಸ್ವೀಡನ್ನಿನವಳು. ಹೆಸರು ಮಾಲಿನ್.
ಕೊಳಚೆ ನೀರು ತೊಳೆಯುವ ಯಂತ್ರದ ಕಂಪನಿ.
"ಕೊನೆಗೊಂದು 'ಯ' ಸೇರಿಸಿಕೊಳ್ಳಿ ಮೇಡಂ,
ನಿಯಂತ್ರಣ ಮಂಡಳಿಯವರು ಬೋರ್ಡು ಮಾಡಿ ಇಟ್ಟಿದ್ದಾರೆ" ಅಂದೆ.
ಅರ್ಥ ಬಿಡಿಸಿ ಹೇಳಿದ ಮೇಲೆ ಬೀದಿ ತುಂಬ ನಕ್ಕಳು.

ಅವಳ ಬಾಯಲ್ಲಿ ನಾನು ಶೌದಪ್ಪ.
ಚೌ ಬರುವುದಿಲ್ಲ. ಬೇಡ ಬಿಡಿ,
ನಮ್ಮ ಚೌಡಮ್ಮನಿಗೇ ಎಷ್ಟೋ ಹೆಸರು.

ಮೊದಲ ಸಲ ಬಂದಾಗ ಗಂಟು ಕೊಡದೆ ನಿಂತೇ ಇದ್ದಳು,
ಕದ್ದ ಮಾಲು ಹಿಡಿದವಳ ಹಾಗೆ.
ಅವರೂರಲ್ಲಿ ಒಬ್ಬರ ಅಂಗಿ ಇನ್ನೊಬ್ಬರು ಉಜ್ಜುವುದಿಲ್ಲವಂತೆ.
"ಹಾಗಾದ್ರೆ ನನ್ನಂಥೋರು ಏನ್ಮಾಡ್ತಾರೆ?"
ತುಂಬ ಹೊತ್ತು ಯೋಚಿಸಿದಳು.
"ಬಸ್ಸು ಓಡಿಸ್ತಾರೆ."
ಬಸ್ಸು. ಪರವಾಗಿಲ್ಲ.

ಈಗ ವಾರಕ್ಕೆರಡು ಗಂಟು.
ಎಲ್ಲಿಗೆ ಹೋಗಿ ಬಂದಳೆಂದು ಯಾರೂ ಹೇಳಬೇಕಿಲ್ಲ.
ಒಗೆದು ಒಣಗಿಸಿದ ಬಟ್ಟೆಯೇ, ಆದರೂ
ಬಿಸಿ ತಗುಲಿದೊಡನೆ ಊರು ಎದ್ದುಬರುತ್ತದೆ:
ತಿರುಪ್ಪೂರಾದರೆ ತೋಳಿನಂಚಿಗೆ ನೀಲಿ,
ವಾಪಿಯಾದರೆ ಕೊಳೆತ ಮೊಟ್ಟೆ,
ಕಾನ್ಪುರ ನೋಡಿ ಬಂದ ಪ್ಯಾಂಟು ಮೂರು ಒಗೆತ ಕಂಡರೂ
ಹಸಿ ಚರ್ಮ, ಹಸಿ ಚರ್ಮ.
ಜೇಬಿನಲ್ಲಿ ನೆಂದು ಉಂಡೆಯಾದ ವಿಮಾನದ ಚೀಟಿ.
ಬೆಳಗಿನ ಜಾವ ನಾಲ್ಕೂವರೆಗೆ ಹೊರಡುತ್ತಾಳೆ ಪಾಪ.
ನಾನೂ ಆಗಲೇ ಏಳುವವನು; ಎಷ್ಟೋ ಸಲ
ಅವಳ ಟ್ಯಾಕ್ಸಿಯ ದೀಪದಲ್ಲೇ ಇದ್ದಿಲು ಆಯ್ದುಕೊಂಡಿದ್ದೇನೆ.

ಬೆಳ್ಳಂದೂರಿಗೆ ಮಾತ್ರ ವಿಮಾನವಿಲ್ಲ.
ಕೆರೆ ತಲುಪಲು ಎರಡು ಗಂಟೆ.
"ಪುಣೆಯೇ ಹತ್ತಿರ" ಅನ್ನುತ್ತಾಳೆ.

ಜೂನ್ ಬಂದರೆ ಮಂಕಾಗುತ್ತಾಳೆ.
"ನಮ್ಮಲ್ಲಿ ಈಗ ರಾತ್ರಿ ಹನ್ನೊಂದಕ್ಕೂ ಬೆಳಕು, ಶೌದಪ್ಪ."
"ಮತ್ತೆ ಕೂಲಿಯೋರ್ನ ಮನೆಗೆ ಬಿಡೋದು ಯಾವಾಗ?"
"ಐದಕ್ಕೆ" ಅಂದಳು. ನಗಲಿಲ್ಲ.
ಮೆಟ್ಟಿಲ ಮೇಲೆ ಕೂತು ಖಾರಾ ಬನ್ ತಿಂದು
ಅದರ ಕಾಗದ ಮಡಚಿದಳು, ಮಡಚಿದ್ದನ್ನು ಮಡಚಿದಳು,
ಹುಣಿಸೆ ಬೀಜದಷ್ಟಾಗುವ ತನಕ.

ಮೊನ್ನೆ ಕೈಯಲ್ಲೊಂದು ಪುಟ್ಟ ಡಬ್ಬಿ, ಗಾಳಿ ಅಳೆಯುವುದು.
ಎಲ್ಲಿಗೋ ಒಯ್ಯುತ್ತಿದ್ದಳು. ಬಟ್ಟೆ ಎತ್ತಿಕೊಳ್ಳಲು ಬಾಗಿದಾಗ
ನನ್ನ ಇಸ್ತ್ರಿಪೆಟ್ಟಿಗೆಯ ಹೊಗೆ ಕುಡಿದು ಅದು ಕಿರುಚಿಕೊಂಡಿತು.
ಕೆಂಪು ಅಂಕಿ ಏರಿತು, ಏರುತ್ತಲೇ ಹೋಯಿತು.
"ಪಾಸಾ, ಫೇಲಾ?"
ಇದ್ದಿಲು ನೋಡಿದಳು, ನನ್ನ ಮುಖ ನೋಡಿದಳು.
ಮೂವತ್ತೊಂದು ವರ್ಷದ ಕೆಮ್ಮು
ಆಗಲೇ ಬರಬೇಕೆ?
ಗುಂಡಿ ಒತ್ತಿ ಆರಿಸಿಬಿಟ್ಟಳು.
"ಇದು ಕೆಟ್ಟಿದೆ" ಅಂದಳು, ಕನ್ನಡದಲ್ಲಿ.
ಸುಳ್ಳು ಹೇಳುವಷ್ಟು ಕನ್ನಡ ಬಂದುಬಿಟ್ಟಿದೆ.

ಕೊರಳಪಟ್ಟಿಯ ಒಳಗೆ ಗುರುತು ಹಾಕುವುದು ನಮ್ಮ ಪದ್ಧತಿ.
ಅಪ್ಪ ಕೇರುಬೀಜದ ರಸದಲ್ಲಿ, ನಾನು ಮಾರ್ಕರಿನಲ್ಲಿ.
ಅವಳದು ಒಂದು ಗೀಟು, ಮೇಲೆ ಎರಡು ಚುಕ್ಕಿ;
ಅವರ ಅಕ್ಷರಗಳೂ ಚುಕ್ಕಿ ಇಟ್ಟುಕೊಳ್ಳುತ್ತವಂತೆ, ಮುತ್ತೈದೆಯರ ಹಾಗೆ.
ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅವಳಮ್ಮ
ಕನ್ನಡಕ ಏರಿಸಿ ಕೇಳಿದಳಂತೆ,
ಇದೇನೇ ಇದು, ಎಲ್ಲ ಅಂಗಿಗೂ?
"ನೀವೇನಂದ್ರಿ?"
"ವಿಳಾಸ ಅಂದೆ."

ಇವತ್ತಿನ ಗಂಟು ಸಿದ್ಧ. ಹನ್ನೆರಡರಲ್ಲಿ ಹನ್ನೊಂದು.
ಬಿಳಿಯದೊಂದರ ತೋಳು ಚೂರು ಸುಟ್ಟಿದ್ದೇನೆ,
ಕಾಸಗಲ. ಹೇಳಬೇಕು.
ಹೇಗೆ ಹೇಳಲಿ ಎಂದು ಗಾಡಿಯ ಕೆಳಗೆ ಮಡಚಿಟ್ಟಿದ್ದೇನೆ.
ಟ್ಯಾಕ್ಸಿ ಬಂತು. ಸೂಟ್‌ಕೇಸಿನ ಗಾಲಿ ಗಡಗಡ.
"ಶೌದಪ್ಪ, ಲೆಕ್ಕ?"
"ಒಂದು ಬಾಕಿ ಮೇಡಂ. ಬಟ್ಟೆ ಇನ್ನೂ ಹಸಿ ಇತ್ತು.
ಹೋಗಿ ಬನ್ನಿ, ಬಂದಮೇಲೆ."